ಬಾಗಿನದ ಬೋಟಿಗೆ ಎರಡು ಮೋಟರ್

ನಂಜನಗೂಡಿನ ಪಂಪ್‌ಸೆಟ್ ವ್ಯಾಪಾರಿ ಸಿದ್ದಮಲ್ಲಪ್ಪನವರು ಬೀಗರ ಮನೆಯ ಹಜಾರದಲ್ಲಿ ಹೇಳಿದ್ದು ಒಂದೇ ಮಾತು: “ಮೋಟರ್ ವಿಷ್ಯ ನಂಗೆ ಬುಡಿ.” ತಿ. ನರಸೀಪುರದ ಸ್ನಾನಘಟ್ಟದಿಂದ ಪೊಲೀಸರು ಜನರನ್ನು ಓಡಿಸಿದ್ದು, ಮೀಯುತ್ತಿದ್ದವರು ಒದ್ದೆ ಪಂಚೆಯಲ್ಲೇ ರಸ್ತೆಗೆ ಬಂದು ನಿಂತದ್ದು, ಕಾವೇರಿ ಕಪಿಲೆಯರ ಜೊತೆಗೆ ಗುಪ್ತವಾಗಿ ಬಂದು ಸೇರುತ್ತದೆ ಎನ್ನುವ ಸ್ಫಟಿಕ ಸರೋವರ ಅಂದು ಹಾಡಹಗಲೇ ಮೇಲೆದ್ದಿತೆಂದು ಅರ್ಧ ಊರು ನಂಬಿದ್ದು, ಎಲ್ಲವೂ ಆ ಒಂದು ಮಾತಿನ ಫಲ.

ಮಾತಿನ ಹಿನ್ನೆಲೆ ಇಷ್ಟು. ಸಿದ್ದಮಲ್ಲಪ್ಪನವರ ಮಗಳು ಶಿವರಂಜನಿಯನ್ನು ಬೇಸಿಗೆಯಲ್ಲಿ ತಿ. ನರಸೀಪುರದ ಅಮೃತೇಶನಿಗೆ ಕೊಟ್ಟಿದ್ದರು. ಹುಡುಗ ಒಳ್ಳೆಯವನು. ಹುಡುಗನ ತಂದೆ ಗಂಗಾಧರಸ್ವಾಮಿ ಕಂದಾಯ ಇಲಾಖೆಯಿಂದ ನಿವೃತ್ತರಾದವರು, ಅವರೂ ಒಳ್ಳೆಯವರೇ. ಆದರೆ ಆ ಮನೆಯ ಆಡಳಿತ ಇವರಿಬ್ಬರ ಕೈಯಲ್ಲಿರಲಿಲ್ಲ. ಅದು ಗಂಗಾಧರಸ್ವಾಮಿಯವರ ತಾಯಿ, ಎಂಬತ್ತು ದಾಟಿದ ಮುತ್ತಮ್ಮನವರ ಕೈಯಲ್ಲಿತ್ತು. ಮುತ್ತಮ್ಮನವರ ಕಾನೂನಿನ ಪ್ರಕಾರ, ಮನೆಗೆ ಬಂದ ಸೊಸೆ ಸಂಗಮದ ನಡುನೀರಿಗೆ ಬಾಗಿನ ಕೊಡುವ ತನಕ ಅಡುಗೆಮನೆಯ ಹೊಸಲು ದಾಟುವಂತಿಲ್ಲ. ಅರಿಶಿನ, ಕುಂಕುಮ, ಬಳೆ, ಅಕ್ಕಿ, ಬೇಳೆ, ಬೆಲ್ಲ ತುಂಬಿದ ಮೊರವನ್ನು ತೆಪ್ಪದಲ್ಲಿ ಕೊಂಡೊಯ್ದು, ಎರಡು ನದಿ ಕೂಡುವ ಜಾಗದಲ್ಲಿ ನೀರಿಗೆ ಬಿಡಬೇಕು. ದಡದಲ್ಲಿ ಬಿಟ್ಟರೆ ಲೆಕ್ಕಕ್ಕಿಲ್ಲ.

ಮದುವೆಯಾದ ಕೂಡಲೇ ಸೂತಕ ಬಂತು. ಸೂತಕ ಕಳೆಯಿತು, ಮಳೆ ಬಂತು. ಮೇಲಿನ ಅಣೆಕಟ್ಟೆಗಳಿಂದ ನೀರು ಬಿಟ್ಟರು. ನದಿಗೆ ತೆಪ್ಪ ಇಳಿಸಕೂಡದೆಂದು ತಾಲ್ಲೂಕು ಆಡಳಿತ ಆದೇಶ ಹೊರಡಿಸಿತು. ಗೌರಿ ಹಬ್ಬದ ಹೊತ್ತಿಗೆ ನೀರು ಇಳಿದಿತ್ತು, ಆದೇಶ ಇಳಿದಿರಲಿಲ್ಲ.

ಹೀಗಾಗಿ ಆಹಾರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದ್ದ ಶಿವರಂಜನಿ, ಮದುವೆಯಾದಾಗಿನಿಂದ ಹಜಾರದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಒಂದು ಲೋಟ ಕಾಫಿ ಬೇಕಾದರೂ ಹೊಸಲಿನ ಈಚೆ ನಿಂತು ಕೇಳಬೇಕು. ಒಳಗೆ ಅತ್ತೆ ಚನ್ನಬಸಮ್ಮ ಒಬ್ಬರೇ ಎಲ್ಲರಿಗೂ ಬೇಯಿಸುತ್ತಿದ್ದರು. ಅವರ ಒಗ್ಗರಣೆಯ ಸದ್ದಿಗಿಂತ ನಿಟ್ಟುಸಿರಿನ ಸದ್ದು ದಿನೇ ದಿನೇ ಜೋರಾಗುತ್ತಿತ್ತು.

“ಅಪ್ಪಾ, ಇವರ ಮನೆ ಕಾಫೀನ ನಾನು ಹೋಟ್ಲಲ್ಲಿ ಆರ್ಡರ್ ಕೊಟ್ಟಂಗೆ ಕೊಡ್ಬೇಕು,” ಎಂದು ಮಗಳು ಫೋನಿನಲ್ಲಿ ಹೇಳಿದ್ದಳು. “ಅತ್ತೆ ಏನೂ ಅನ್ನಲ್ಲ. ಲೋಟ ಕುಕ್ತಾರೆ ಅಷ್ಟೆ.”

ಆ ಮಾತು ಸಿದ್ದಮಲ್ಲಪ್ಪನವರ ಎದೆಗೆ ತಾಗಿತ್ತು. ಅದಕ್ಕೇ ಅವರು ಬೀಗರ ಮನೆಗೆ ಬಂದಿದ್ದರು. ಮಾತಿಗೆ ಮಾತು ಬೆಳೆದು, “ಮನ್ಸ್ರು ನೀರಿಗಿಳಿಯಂಗಿಲ್ಲ ಅಂದ್ರೆ ಬಾಗಿನ ಹೆಂಗ್ ಓಯ್ತದೆ, ರೆಕ್ಕೆ ಕಟ್ಕಂಡಾ?” ಎಂದು ಮುತ್ತಮ್ಮ ಕೇಳಿದಾಗ, ತಾವು ಮೊಬೈಲಿನಲ್ಲಿ ನೋಡಿದ್ದ ರಿಮೋಟ್ ಕಂಟ್ರೋಲ್ ಬೋಟಿನ ನೆನಪು ಅವರಿಗೆ ಬಂತು. ಎರಡೂವರೆ ಅಡಿಯ ಬೋಟು, ಎರಡು ಮೋಟರು, ದಡದಲ್ಲೇ ನಿಂತು ನಡೆಸುವುದು. ವಿವರಿಸಿದರು.

“ಆಟದ ಸಾಮಾನಾ?” ಎಂದರು ಗಂಗಾಧರಸ್ವಾಮಿ.

“ಬೀಗ್ರೇ, ನಾನು ಸಾವಿರ ಅಡಿ ಆಳದಿಂದ ನೀರೆತ್ಸಿದೋನು. ಮೋಟರ್ ವಿಷ್ಯ ನಂಗೆ ಬುಡಿ.”

ಮುತ್ತಮ್ಮ ಬಿಟ್ಟರು.

ಸಾವಿರ ಅಡಿಯಿಂದ ನೀರೆತ್ತಿಸಿದವರು ಮೈಸೂರಿನ ಮಾಡೆಲ್ ಸಾಮಾನಿನ ಅಂಗಡಿಗೆ ಫೋನ್ ಮಾಡಿದಾಗ ಮೊದಲನೆಯ ಆಘಾತ ಕಾದಿತ್ತು. ಅಂಗಡಿಯವನು ಎಚ್‌ಪಿ ಮಾತೇ ಆಡಲಿಲ್ಲ.

“ರೇಸಿಗಾ ಸಾರ್, ಭಾರಕ್ಕಾ?”

“ಬಾಗಿನಕ್ಕೆ.”

ಅಂಗಡಿಯವನು ಅದನ್ನು ಭಾರದ ಲೆಕ್ಕಕ್ಕೆ ಸೇರಿಸಿಕೊಂಡು ವಿವರಿಸಿದ. ರೇಸಿನ ಬೋಟಿಗೆ ವೇಗದ ಮೋಟರು, ಸಣ್ಣ ಪ್ರೊಪೆಲ್ಲರು. ಭಾರ ಹೊರುವ ಬೋಟಿಗೆ ನಿಧಾನದ ಮೋಟರು, ದೊಡ್ಡ ಪ್ರೊಪೆಲ್ಲರು. ವೇಗದ ಮೋಟರಿಗೆ ದೊಡ್ಡ ಪ್ರೊಪೆಲ್ಲರ್ ಹಾಕಿದರೆ ಬ್ಯಾಟರಿ ಸುಡುತ್ತದೆ. ಇಷ್ಟು ಸಿದ್ದಮಲ್ಲಪ್ಪನವರಿಗೆ ಸಲೀಸಾಗಿ ಅರ್ಥವಾಯಿತು. ಸಣ್ಣ ಮೋಟರಿಗೆ ದೊಡ್ಡ ಪಂಪು ಕಟ್ಟಿಸಿಕೊಂಡು ಸುಟ್ಟು ತಂದ ಗಿರಾಕಿಗಳನ್ನು ಅವರು ಬೇಕಾದಷ್ಟು ಕಂಡಿದ್ದರು.

“ಎರಡು ಮೋಟರ್ ಅಂದ್ರೆ ಪ್ರೊಪೆಲ್ಲರ್ ಒಂದು ಬಲಗೈದು, ಒಂದು ಎಡಗೈದು ಬೇಕು ಸಾರ್,” ಎಂದು ಅವನು ಮುಂದುವರಿಸಿದ. ರೆಕ್ಕೆಗಳ ತಿರುವು ಒಂದರಲ್ಲಿ ಬಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ. “ಎರಡೂ ಎದುರುಬದುರು ತಿರುಗಿದ್ರೆ ಬೋಟು ನೆಟ್ಟಗೆ ಹೋಗುತ್ತೆ. ಆದ್ರೆ ಎಡಗೈದು ಸ್ಟಾಕ್ ಇಲ್ಲ, ಬರೋದು ಹಬ್ಬ ಆದ್ಮೇಲೆ. ನೀವು ಎರಡೂ ಬಲಗೈದೇ ಹಾಕಿ, ಎರಡು ಮೋಟರೂ ಒಂದೇ ಕಡೆ ತಿರುಗ್ಲಿ. ಬೋಟು ಸ್ವಲ್ಪ ಪಕ್ಕಕ್ಕೆ ಎಳೆಯುತ್ತೆ, ಅಷ್ಟೆ.”

“ಎಳೆಯೋದಾ? ಬೀಗ್ರ ಮುಂದೆ ನನ್ ಮಗಳ ಬಾಗಿನ ಕುಡುಕನಂಗೆ ವಾಲಾಡ್ಕೊಂಡು ಹೋಗೋದಾ? ಎದುರುಬದುರು ತಿರುಗ್ಬೇಕು ತಾನೇ? ಎರಡೂ ಬಲಗೈದೇ ಕಳ್ಸಿ. ವೈರ್ ನಾನು ನೋಡ್ಕೋತೀನಿ.”

“ಸಾರ್, ವೈರ್ ಬದಲಾಯಿಸಿದ್ರೆ—”

ಸಿದ್ದಮಲ್ಲಪ್ಪ ಫೋನ್ ಇಟ್ಟಿದ್ದರು. ವೈರಿನ ವಿಷಯದಲ್ಲಿ ಅವರಿಗೆ ಬುದ್ಧಿ ಹೇಳುವ ಗಂಡು ಮೈಸೂರು ಜಿಲ್ಲೆಯಲ್ಲಿ ಇರಲಿಲ್ಲ, ಇದು ಅವರದೇ ಅಭಿಪ್ರಾಯ.

ಪಾರ್ಸೆಲ್ ಬಿಚ್ಚಿದಾಗ ಅವರ ಅಭಿಪ್ರಾಯ ಇನ್ನೂ ಗಟ್ಟಿಯಾಯಿತು. ಬೆರಳುದ್ದದ ಆ ಮೋಟರಿಗೂ ಮೂರೇ ವೈರು, ತ್ರೀ ಫೇಸ್ ಮೋಟರಿನಂತೆ! ತ್ರೀ ಫೇಸ್ ಮೋಟರು ಉಲ್ಟಾ ತಿರುಗಿದರೆ ಏನು ಮಾಡಬೇಕೆಂದು ತಾಲ್ಲೂಕಿನ ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ: ಯಾವುದಾದರೂ ಎರಡು ವೈರು ಅದಲುಬದಲು ಮಾಡಬೇಕು. ಸಿದ್ದಮಲ್ಲಪ್ಪ ಎಡಗಡೆಯ ಮೋಟರಿನ ಎರಡು ವೈರು ಅದಲುಬದಲು ಮಾಡಿದರು. ಮೋಟರು ಉಲ್ಟಾ ತಿರುಗಿತು. ಎರಡೂ ಎದುರುಬದುರು ತಿರುಗಿದವು. ಸಮಸ್ಯೆ ಮುಗಿಯಿತು.

ಇಲ್ಲಿ ಅವರ ಪರವಾಗಿ ಒಂದು ಮಾತು ಹೇಳಬೇಕು. ಅವರು ಜೀವಮಾನವಿಡೀ ಮಾರಿದ್ದು ಸೆಂಟ್ರಿಫ್ಯೂಗಲ್ ಪಂಪು. ಆ ಪಂಪಿನ ಚಕ್ರ ಉಲ್ಟಾ ತಿರುಗಿದರೂ ನೀರು ಬರುವುದು ಪೈಪಿನ ಆ ತುದಿಯಲ್ಲೇ. ಕಮ್ಮಿ ಬರುತ್ತದೆ, ಹಿಂದಕ್ಕೆ ಹೋಗುವುದಿಲ್ಲ. ಇದು ಸತ್ಯ. ಆದರೆ ಪ್ರೊಪೆಲ್ಲರು ಸ್ಕ್ರೂ ಇದ್ದ ಹಾಗೆ. ಉಲ್ಟಾ ತಿರುಗಿಸಿದರೆ ಬೋಟನ್ನು ಹಿಂದಕ್ಕೆ ತಳ್ಳುತ್ತದೆ. ಇದೂ ಸತ್ಯ. ಎರಡನೆಯ ಸತ್ಯ ಆ ಹೊತ್ತಿನಲ್ಲಿ ನಂಜನಗೂಡಿನ ಆ ಅಂಗಡಿಯಲ್ಲಿ ಹಾಜರಿರಲಿಲ್ಲ.

ಪರೀಕ್ಷೆ ಅಂಗಡಿಯ ಹಿಂದಿನ ಸಿಮೆಂಟ್ ತೊಟ್ಟಿಯಲ್ಲಿ ನಡೆಯಿತು. ಪಂಪುಗಳನ್ನು ಪರೀಕ್ಷಿಸುವ ತೊಟ್ಟಿ ಅದು, ಬೋಟಿಗೆ ಅಳತೆ ಕೊಟ್ಟು ಹೊಲಿಸಿದಷ್ಟು ಬಿಗಿ. ಬೋಟು ಅದರೊಳಗೆ ಕೂತರೆ ಮಿಸುಕಾಡಲು ಜಾಗವಿಲ್ಲ. ಸಿದ್ದಮಲ್ಲಪ್ಪ ರಿಮೋಟಿನ ಕಡ್ಡಿ ಒತ್ತಿದರು. ತೊಟ್ಟಿಯ ನೀರು ಭೋರ್ಗರೆದು ಎರಡೂ ಕಡೆಯಿಂದ ಹಾರಿತು.

“ಅಬ್ಬಬ್ಬಾ!” ಎಂದರು ಎದುರಿನ ಗೊಬ್ಬರದ ಅಂಗಡಿಯ ಪುಟ್ಟಬಸವಯ್ಯ. “ಏನ್ ಪವರ್ ಕಣಯ್ಯಾ! ಇದು ಬಾಗಿನ ಇರ್ಲಿ, ನಿಮ್ ಬೀಗ್ರುನ್ನೂ ಹೊತ್ಕೊಂಡು ಓಯ್ತದೆ.”

“ಇದೇನ್ರೀ,” ಎಂದು ಮುಖ ಒರೆಸಿಕೊಂಡರು ಸಿದ್ದಮಲ್ಲಪ್ಪನವರ ಹೆಂಡತಿ ನಾಗರತ್ನ. ಅವರು ಬೋಟಿನ ಮೂತಿಯ ಕಡೆ ನಿಂತಿದ್ದರು. “ನೀರು ಹಿಂದಕ್ಕಲ್ವಾ ಹಾರ್ಬೇಕು? ನನ್ ಸೀರೆ ಯಾಕೆ ನೆನೀತು?”

“ನಿನ್ನನ್ನ ಯಾರು ಅಲ್ಲಿ ನಿಂತ್ಕೋ ಅಂದಿದ್ದು?”

ತಾಂತ್ರಿಕ ಪರೀಕ್ಷೆ ಅಲ್ಲಿಗೆ ಮುಗಿಯಿತು.

ಗೌರಿ ಹಬ್ಬದ ಬೆಳಿಗ್ಗೆ ಸಂಗಮದ ಮೆಟ್ಟಿಲ ಮೇಲೆ ಬೀಗರ ಕಡೆಯವರು, ಅವರ ಬೀದಿಯವರು, ಸ್ನಾನಕ್ಕೆ ಬಂದವರು, ಬೋಟು ನೋಡಲೆಂದೇ ಬಂದವರು ಎಲ್ಲ ಸೇರಿದ್ದರು. ಮುತ್ತಮ್ಮನವರಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಶಿವರಂಜನಿ ರೇಷ್ಮೆ ಸೀರೆಯುಟ್ಟು ಮೊರ ಹಿಡಿದು ನಿಂತಿದ್ದಳು. ಅಮೃತೇಶ ಮೊಬೈಲ್ ಎತ್ತಿ ಹಿಡಿದಿದ್ದ.

ಸಿದ್ದಮಲ್ಲಪ್ಪ ರಟ್ಟಿನ ಪೆಟ್ಟಿಗೆಯಿಂದ ಬೋಟು ತೆಗೆಯುತ್ತಿದ್ದಂತೆ ಕಾನ್‌ಸ್ಟೆಬಲ್ ನಾಗೇಂದ್ರ ಬಂದ.

“ಏನ್ರೀ ಇದು?”

“ಬೋಟು.”

“ಬೋಟ್ ಬಿಡಂಗಿಲ್ಲ ಅಂತ ಬೋರ್ಡ್ ಕಾಣಲ್ವಾ?”

ಗಂಗಾಧರಸ್ವಾಮಿ ಮುಂದೆ ಬಂದರು. ಸರ್ಕಾರಿ ಆದೇಶಗಳನ್ನು ಓದಿಯೇ ಕನ್ನಡಕದ ನಂಬರು ಏರಿಸಿಕೊಂಡವರು ಅವರು. “ಬೋರ್ಡನ್ನ ಪೂರ್ತಿ ಓದಿ ಸ್ವಾಮಿ. ‘ಸಾರ್ವಜನಿಕರು ತೆಪ್ಪ, ದೋಣಿಗಳಲ್ಲಿ ಕುಳಿತು ನದಿಗಿಳಿಯುವುದನ್ನು ನಿಷೇಧಿಸಿದೆ.’ ಇದರಲ್ಲಿ ಯಾವ ಸಾರ್ವಜನಿಕ ಕೂತವ್ನೆ, ತೋರ್ಸಿ.”

ನಾಗೇಂದ್ರ ಬಗ್ಗಿ ನೋಡಿದ. ಸಾರ್ವಜನಿಕರು ಕಾಣಲಿಲ್ಲ.

“ಡ್ರೈವರ್ ಯಾರು?”

“ನಾನೇ,” ಎಂದರು ಸಿದ್ದಮಲ್ಲಪ್ಪ. “ದಡದಲ್ಲೇ ಇರ್ತೀನಿ.”

“ಡ್ರೈವರ್ ದಡದಲ್ಲಿ, ಗಾಡಿ ನೀರಲ್ಲಿ! ನಾಳೆ ಆಕ್ಸಿಡೆಂಟ್ ಆದ್ರೆ ನಾನು ಮಹಜರು ಎಲ್ಲಿ ಮಾಡ್ಲಿ?”

“ಲೋ ಮಗಾ,” ಕುರ್ಚಿಯಿಂದ ಮುತ್ತಮ್ಮನವರ ದನಿ ಬಂತು. “ನಿಂಗೆ ಮದ್ವೆ ಆಯ್ತಾ?”

“ಆಯ್ತು ಅಜ್ಜಿ.”

“ನಿನ್ನೆಂಡ್ತಿ ಅಡ್ಗೆ ಮಾಡ್ತಾಳಾ?”

“ಮಾಡ್ತಾಳೆ.”

“ನನ್ ಮೊಮ್ಮಗುನ್ ಎಂಡ್ತೀನೂ ಮಾಡ್ಲಿ. ಬುಡು ಅತ್ಲಾಗೆ.”

ಇದಕ್ಕೆ ಉತ್ತರಿಸಲು ನಾಗೇಂದ್ರನಿಗೆ ಯಾವ ಸೆಕ್ಷನ್ನೂ ಹೊಳೆಯಲಿಲ್ಲ. “ಬೇಗ ಮುಗಿಸಿ,” ಎಂದು ಎದುರು ದಡದ ಅಗಸ್ತ್ಯೇಶ್ವರನ ಗುಡಿಯ ಕಡೆ ಮುಖ ತಿರುಗಿಸಿ ನಿಂತ.

ಬೋರಲು ಹಾಕಿದ್ದ ತನ್ನ ತೆಪ್ಪದ ಮೇಲೆ ಕೂತು ಬೀಡಿ ಸೇದುತ್ತಿದ್ದ ಮಂಟೇಸ್ವಾಮಿ ಇದನ್ನೆಲ್ಲ ನೋಡುತ್ತಿದ್ದ. ಆದೇಶ ಬಂದಾಗಿನಿಂದ ಅವನಿಗೆ ಬೇರೆ ಕೆಲಸವಿರಲಿಲ್ಲ. “ಒಂದು ಮೊರಕ್ಕೆ ಎರಡು ಮೋಟ್ರಾ ಸಾ?” ಎಂದ. “ನಾವು ಒಂದೇ ಉಟ್ಟಾಕಿ ತೆಪ್ಪ ನಡುಸ್ಕಂಡು ಓಗಿ ಬತ್ತಿದ್ದೋ.”

“ಟೆಕ್ನಾಲಜಿ ಕಣಯ್ಯಾ.”

ಶಿವರಂಜನಿ ಮೊರವನ್ನು ಬೋಟಿನ ಮೇಲಿಟ್ಟು ಕೈಮುಗಿದಳು. ಬೋಟು ಸಂಗಮ ಮುಟ್ಟಿದ ಮೇಲೆ ಒಮ್ಮೆ ಗಕ್ಕನೆ ರಿವರ್ಸ್ ಕೊಟ್ಟರೆ ಮೊರ ಜಾರಿ ನೀರಿಗೆ ಬೀಳಬೇಕು, ಯೋಜನೆ ಹಾಗಿತ್ತು. ಅಮೃತೇಶ ಬೋಟನ್ನು ಮೆಲ್ಲಗೆ ತಳ್ಳಿದ. ಅದು ದಡ ಬಿಟ್ಟು ಒಂದಷ್ಟು ದೂರ ಗಂಭೀರವಾಗಿ ಹೋಯಿತು. ಜನ ಚಪ್ಪಾಳೆ ತಟ್ಟಿದರು. ಸಿದ್ದಮಲ್ಲಪ್ಪ ಬೀಗರ ಕಡೆಗೊಮ್ಮೆ ನೋಡಿ, ಕಡ್ಡಿಯನ್ನು ಮುಂದಕ್ಕೆ ಒತ್ತಿದರು.

ಬೋಟು ಗಿರ್ರನೆ ತಿರುಗಿತು.

ಬಲಗಡೆಯ ಪ್ರೊಪೆಲ್ಲರು ಸಂಗಮದ ಕಡೆ ಹೊರಟಿತ್ತು. ಎಡಗಡೆಯದು ವಾಪಸ್ ನಂಜನಗೂಡಿಗೆ ಹೊರಟಿತ್ತು. ಇಬ್ಬರಲ್ಲಿ ಯಾರೂ ಸೋಲಲು ಸಿದ್ಧರಿರಲಿಲ್ಲ. ಬೋಟು ನಿಂತಲ್ಲೇ ಬುಗುರಿಯಾಯಿತು.

“ಬೀಗ್ರೇ,” ಎಂದರು ಗಂಗಾಧರಸ್ವಾಮಿ, “ಇದು ಓಗ್ತಾ ಇಲ್ಲ. ತಿರುಗ್ತಾ ಅದೆ.”

“ವಾರ್ಮಪ್ಪು.”

“ಎಷ್ಟೊತ್ತು?”

“ಲೋಡ್ ತಗೊಳೋವರ್ಗೂ.”

ಲೋಡ್ ತೆಗೆದುಕೊಳ್ಳಲೆಂದು ಸಿದ್ದಮಲ್ಲಪ್ಪ ಕಡ್ಡಿಯನ್ನು ಇನ್ನಷ್ಟು ಒತ್ತಿದರು. ಬೋಟು ಇನ್ನೂ ಜೋರಾಗಿ ತಿರುಗಿತು. ಗಾಬರಿಯಿಂದ ಹಿಂದಕ್ಕೆಳೆದರು. ಅದು ಎದುರು ದಿಕ್ಕಿನಲ್ಲಿ ತಿರುಗಿತು. ಇವೆರಡನ್ನು ಬಿಟ್ಟರೆ ಅದಕ್ಕೆ ಬೇರೆ ಅಭ್ಯಾಸವಿರಲಿಲ್ಲ. ಮೊರದ ಮೇಲಿನ ಅರಿಶಿನ, ಕುಂಕುಮ ಸುತ್ತಲೂ ಎರಚಿ ನೀರಿನ ಮೇಲೆ ಕೆಂಪು ಹಳದಿಯ ದೊಡ್ಡ ಚಕ್ರವೊಂದು ಎದ್ದಿತು. ನಡುವೆ ನೊರೆ. ಬಿಳಿ ಬಣ್ಣದ ಬೋಟು ಆ ನೊರೆಯಲ್ಲಿ ದೂರದವರಿಗೆ ಕಾಣುವಂತಿರಲಿಲ್ಲ.

ಎದುರು ದಡದಲ್ಲಿ ಮೀಯುತ್ತಿದ್ದವರಿಗೆ ಕಂಡದ್ದು ಚಕ್ರ ಮಾತ್ರ.

“ಸುಳೀ! ಸುಳಿ ಎದ್ದದೆ ಕಣ್ರೋ!”

“ಈಚೆ ಬಾರ್ಲಾ! ಎಳ್ಕಂಡೋಯ್ತದೆ!”

“ಸುಳಿ ಅಲ್ಲ ಕಣ್ಲಾ, ಬಣ್ಣ ನೋಡು! ಸ್ಫಟಿಕ ಸರೋವರ! ತಾಯಿ ಎದ್ದವ್ಳೆ!”

ಅರ್ಧ ಜನ ಮೇಲಕ್ಕೆ ಓಡಿದರು, ಅರ್ಧ ಜನ ಕೈಮುಗಿದು ನೀರಿಗೇ ಇಳಿದರು. ಕಾನ್‌ಸ್ಟೆಬಲ್ ನಾಗೇಂದ್ರ ತಿರುಗಿ ನೋಡಿದ. ಅವನ ಡ್ಯೂಟಿಯಲ್ಲಿ, ಅವನ ಕಣ್ಣೆದುರಿನಲ್ಲಿ, ಅವನೇ ಬಿಟ್ಟ ಬೋಟಿನಿಂದ ನದಿಗೆ ಸುಳಿ ಹುಟ್ಟಿತ್ತು. ಪ್ರಾಣ ಹೋಗುವ ಹಾಗೆ ಸೀಟಿ ಊದಿದ. “ಖಾಲಿ ಮಾಡಿ! ಎಲ್ಲಾ ಮೇಲಕ್ಕೆ! ಅಜ್ಜೀನ ಕುರ್ಚಿ ಸಮೇತ ಎತ್ರಿ!”

“ಎತ್ತಿದ್ರೆ ನೋಡು!” ಎಂದು ಮುತ್ತಮ್ಮ ಕುರ್ಚಿಯ ಕೈ ಹಿಡಿದು ಕೂತರು. ಅವರ ಕಣ್ಣು ಬೋಟಿನ ಮೇಲಿಂದ ಕದಲಿರಲಿಲ್ಲ.

“ಅಪ್ಪಾ,” ಎಂದಳು ಶಿವರಂಜನಿ, ಸಣ್ಣ ದನಿಯಲ್ಲಿ. ಅಷ್ಟೇ. ಪಕ್ಕದಲ್ಲಿ ಚನ್ನಬಸಮ್ಮನವರು ಸಂಗಮಕ್ಕೆಲ್ಲ ಕೇಳುವಂತೆ ಒಂದು ನಿಟ್ಟುಸಿರು ಬಿಟ್ಟರು. ಇನ್ನೊಂದು ವರ್ಷದ ಬೆಳ್ಳುಳ್ಳಿಯೆಲ್ಲ ಆ ನಿಟ್ಟುಸಿರಿನಲ್ಲಿತ್ತು.

ಸಿದ್ದಮಲ್ಲಪ್ಪ ಕಡ್ಡಿಯನ್ನು ಹಿಂದೆ ಮುಂದೆ ಎಳೆಯುತ್ತಲೇ ಇದ್ದರು. ಅಷ್ಟರಲ್ಲಿ ಜನರನ್ನು ಹಿಂದಕ್ಕೆ ದಬ್ಬುತ್ತಿದ್ದ ನಾಗೇಂದ್ರನ ಮೊಣಕೈ ಅವರಿಗೆ ತಗುಲಿತು. ರಿಮೋಟು ಕೈಯಿಂದ ಹಾರಿ ಮೆಟ್ಟಿಲ ಮೇಲೆ ಬಿದ್ದು, ಪುಟಿದು, ಕಪಿಲೆಯ ಪಾಲಾಯಿತು.

ಸಿಗ್ನಲ್ ತಪ್ಪಿ ಮೋಟರು ಎರಡೂ ನಿಂತವು.

ಸಿದ್ದಮಲ್ಲಪ್ಪ ಕಣ್ಣು ಮುಚ್ಚಿಕೊಂಡರು. ಮುಗಿಯಿತು. ಇನ್ನು ನಂಜನಗೂಡಿನಿಂದ ತಿ. ನರಸೀಪುರದ ಬಸ್ ಹತ್ತುವ ಮುಖ ಅವರಿಗಿರಲಿಲ್ಲ.

“ಓಯ್ತಾ ಅದೆ!” ಎಂದು ಯಾರೋ ಕೂಗಿದರು.

ಕಣ್ಣು ಬಿಟ್ಟರು. ಕಪಿಲೆ ಹರಿಯುವುದನ್ನು ಆ ಗದ್ದಲದಲ್ಲಿ ಎಲ್ಲರೂ ಮರೆತಿದ್ದರು, ಕಪಿಲೆ ಮರೆತಿರಲಿಲ್ಲ. ಎಳೆದಾಡುವ ಮೋಟರುಗಳು ಸುಮ್ಮನಾದ ಮೇಲೆ ಬೋಟು ಹೊಳೆಯ ಹರಿವಿಗೆ ಮೂತಿ ಕೊಟ್ಟು, ಕೆಂಪು ಹಳದಿಯ ಚಕ್ರದಿಂದ ಹೊರಬಂದು, ದಾರ ಹಿಡಿದ ಹಾಗೆ ನೆಟ್ಟಗೆ ಸಾಗಿತು. ಕಾವೇರಿಯ ನೀರೂ ಕಪಿಲೆಯ ನೀರೂ ಬೇರೆ ಬೇರೆ ಬಣ್ಣದಲ್ಲಿ ಬಂದು ಕೂಡುವ ಗೆರೆಯೊಂದಿದೆ. ಅಲ್ಲಿಗೆ ಹೋದಾಗ ಎದುರಿನಿಂದ ಅಲೆಯೊಂದು ಬಂದು ಬೋಟಿನ ಒಂದು ಪಕ್ಕವನ್ನು ಎತ್ತಿತು. ಮೊರ ಮೆಲ್ಲಗೆ ಜಾರಿ, ಸರಿಯಾಗಿ ಆ ಗೆರೆಯ ಮೇಲೆ ನೀರಿಗಿಳಿಯಿತು.

ಮುತ್ತಮ್ಮ ಕುರ್ಚಿಯಿಂದ ಎದ್ದು ನಿಂತರು. ಯಾರೂ ಎಬ್ಬಿಸದೆ ಅವರು ಎದ್ದು ನಿಂತದ್ದನ್ನು ಮನೆಯವರು ಇತ್ತೀಚೆಗೆ ಕಂಡಿರಲಿಲ್ಲ.

“ಮಗಾ ಸಿದ್ದಮಲ್ಲಪ್ಪಾ,” ಎಂದರು. “ಎರಡು ಮೋಟ್ರು ಯಾಕೆ ಅಂತ ನಾನು ರಾತ್ರಿಯೆಲ್ಲ ಯೋಚ್ನೆ ಮಾಡ್ತಿದ್ದೆ ಕಣಪ್ಪಾ. ಒಂದು ತಾಯಿಗೆ ಸುತ್ತಾಕಕೆ, ಇನ್ನೊಂದು ಓಗಕೆ! ಮೊದ್ಲು ಪ್ರದಕ್ಷಿಣೆ, ಆಮೇಲೆ ಬಾಗಿನ. ನಮ್ ಕಾಲ್ದಲ್ಲಿ ತೆಪ್ಪದೋರು ಒಂದು ಸುತ್ತೂ ಆಕ್ತಿರ್ಲಿಲ್ಲ, ದುಡುದುಡನೆ ಎಸ್ದು ಬಂದ್ಬುಡೋರು.”

ಸಿದ್ದಮಲ್ಲಪ್ಪ ಬಾಯಿ ತೆರೆದರು. ಮಗಳ ಮುಖ ನೋಡಿದರು. ಬಾಯಿ ಮುಚ್ಚಿದರು.

“ಸಾ,” ಹಿಂದಿನಿಂದ ಮಂಟೇಸ್ವಾಮಿ ಪಿಸುಗುಟ್ಟಿದ, “ಆಮೇಲಿಂದು ಯಾವ ಮೋಟ್ರು ಸಾ? ಅದು ಒಳೆ ಅಲ್ವಾ?”

“ಸುಮ್ನಿರಯ್ಯಾ.”

“ಈಗ ಅದ್ನ ವಾಪಸ್ ಕರಿಯಪ್ಪಾ, ಆರತಿ ಎತ್ತವ,” ಎಂದರು ಮುತ್ತಮ್ಮ.

ಬೋಟು ಸಂಗಮ ದಾಟಿ, ಕಾವೇರಿಯ ನಡುವೆ ಬೆರಳುಗಾತ್ರವಾಗಿ ಕಾಣುತ್ತಿತ್ತು. ಎಲ್ಲರೂ ಸಿದ್ದಮಲ್ಲಪ್ಪನವರ ಬರಿಗೈ ನೋಡಿದರು.

“ಅದು ತಲಕಾಡಿಗೆ ಹೋಗ್ಬುಟ್ಟು ಬತ್ತದೆ ಅಮ್ಮಾ.”

ಮುತ್ತಮ್ಮ ಭಕ್ತಿಯಿಂದ ತಲೆಯಾಡಿಸಿದರು. ಗಂಗಾಧರಸ್ವಾಮಿ ಬೀಗರ ಕಿವಿಯ ಬಳಿ ಬಗ್ಗಿ, “ವಾಪಸ್ ಬರೋದು ಬಸ್ ಹತ್ಕಂಡಾ?” ಎಂದು ಕೇಳಿದರು.

ಮಧ್ಯಾಹ್ನ ಶಿವರಂಜನಿ ಅಡುಗೆಮನೆಯ ಹೊಸಲು ದಾಟಿದಳು. ಮೊದಲು ತನಗೊಂದು ಲೋಟ ಕಾಫಿ ಮಾಡಿಕೊಂಡು, ನಿಂತೇ, ನಿಧಾನವಾಗಿ ಕುಡಿದಳು. ಆಮೇಲೆ ಒಲೆಗೆ ಬೇಳೆ ಇಟ್ಟಳು. ಹಜಾರದಲ್ಲಿ ಚನ್ನಬಸಮ್ಮ ಕಾಲು ಚಾಚಿ ಕೂತು ಬೆಳ್ಳುಳ್ಳಿ ಸುಲಿದರು, ನಿಟ್ಟುಸಿರಿಲ್ಲದೆ.

ಊಟಕ್ಕೆ ಕೂತಾಗ ನಾಗೇಂದ್ರ ಬಾಗಿಲಿಗೆ ಬಂದ. ಸಂಗಮದಲ್ಲಿ ಹೊಸದಾಗಿ ಸುಳಿ ಕಾಣಿಸಿಕೊಂಡಿರುವ ಕಾರಣ ತೆಪ್ಪದ ನಿಷೇಧವನ್ನು ಮುಂದುವರಿಸಿದ್ದಾರೆ ಎಂದು ತಿಳಿಸಿ, ಒಂದು ಒಬ್ಬಟ್ಟು ತಿಂದು ಹೋದ. ಸಿದ್ದಮಲ್ಲಪ್ಪನವರಿಗೆ ಬೋರಲು ಬಿದ್ದ ತೆಪ್ಪ ನೆನಪಾಗಿ ಸಾರು ಸ್ವಲ್ಪ ಖಾರವೆನಿಸಿತು.

“ಅಂಗಾದ್ರೆ ಮಗಾ,” ಎಂದರು ಮುತ್ತಮ್ಮ, ಮೊಮ್ಮಗನ ಹೆಂಡತಿಯ ಕೈಯ ಅನ್ನವನ್ನು ಎರಡನೆಯ ಸಲ ಹಾಕಿಸಿಕೊಳ್ಳುತ್ತ, “ಇನ್ ಮುಂದೆ ನಮ್ ಬೀದಿ ಸೊಸೇರ್ಗೆಲ್ಲ ನಿಂದೇ ಬೋಟು. ಮೂರು ಮನೇರು ಆಗ್ಲೇ ಕೇಳವ್ರೆ. ಮಂಟೇಸ್ವಾಮೀನೂ ಸೇರ್ಸ್ಕೋ, ಸುಮ್ನೆ ಕುಂತವ್ನೆ. ಆದ್ರೆ ಸುತ್ತು ಮಾತ್ರ ಕಮ್ಮಿ ಮಾಡ್ಬೇಡ.”

ಆಗಲೇ ಸಿದ್ದಮಲ್ಲಪ್ಪನವರ ಫೋನ್ ಬಡಿದುಕೊಂಡಿತು. ಮೈಸೂರಿನ ಮಾಡೆಲ್ ಅಂಗಡಿಯವನು.

“ಸಾರ್, ಎಡಗೈ ಪ್ರೊಪೆಲ್ಲರ್ ಅಂದ್ಕೊಂಡಿದ್ದಕ್ಕಿಂತ ಬೇಗ ಬಂದಿದೆ. ಅವತ್ತು ಹೇಳೋಣ ಅಂದ್ರೆ ಫೋನ್ ಇಟ್ಬಿಟ್ರಿ. ವೈರ್ ಬದಲಾಯಿಸಿದ್ರೆ ಬೋಟು ನಿಂತಲ್ಲೇ ತಿರುಗುತ್ತೆ ಸಾರ್, ಹಾಗೆ ಮಾಡಿಲ್ಲ ತಾನೇ? ಇದನ್ನ ಹಾಕಿ, ನೆಟ್ಟಗೆ ಹೋಗುತ್ತೆ. ಕಳಿಸ್ಲಾ?”

ಸಿದ್ದಮಲ್ಲಪ್ಪ ಎ‍ಲೆಯ ಮುಂದೆ ಕೂತವರನ್ನೆಲ್ಲ ಒಮ್ಮೆ ನೋಡಿದರು. ಮುತ್ತಮ್ಮ ಅವರನ್ನೇ ನೋಡುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ಮಗಳು ಸೌಟು ಹಿಡಿದು ನಿಂತಿದ್ದಳು.

“ಅದು ಬೇಡ,” ಎಂದರು. “ಒಂದು ಬೋಟು, ಒಂದು ರಿಮೋಟು ಕಳ್ಸಿ. ಪ್ರೊಪೆಲ್ಲರ್ ಎರಡೂ ಬಲಗೈದೇ ಇರ್ಲಿ.”

“ಸಾರ್, ಎರಡೂ ಬಲಗೈದಾದ್ರೆ—”

“ವೈರ್ ನಾನು ನೋಡ್ಕೋತೀನಿ.”